ಒಂದು ‘ನೋ’ ತಿದ್ದಿಸಿದ ಕಥೆ

ಅಮೆರಿಕದ ವೀಸಾ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚಾಗಿ ಎರಡು ತಾರೀಕುಗಳ ನಡುವೆ. ಒಂದು, ವೀಸಾದ ಮೇಲೆ ಅಚ್ಚಾಗಿರುವ ತಾರೀಕು. ಪ್ರವಾಸಿ ವೀಸಾ ಆದರೆ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷದ್ದು. ಇನ್ನೊಂದು, ವಿಮಾನ ಇಳಿದ ಮೇಲೆ ಅಧಿಕಾರಿ ಕೊಡುವ ಐ-94 ಎಂಬ ಪ್ರವೇಶ ದಾಖಲೆಯ ತಾರೀಕು. ಅದು ಸಾಮಾನ್ಯವಾಗಿ ಆರು ತಿಂಗಳು. ಅಲ್ಲಿಗೆ ಬಂದು ಒಳಗೆ ಬಿಡಿ ಎಂದು ಕೇಳುವುದಕ್ಕೆ ಯಾವಾಗಿನವರೆಗೆ ಅವಕಾಶ ಇದೆ ಅನ್ನುವುದನ್ನು ಮೊದಲನೆಯದು ಹೇಳುತ್ತದೆ. ಬಂದ ಮೇಲೆ ಎಷ್ಟು ದಿನ ಇರಬಹುದು ಅನ್ನುವುದನ್ನು ಹೇಳುವುದು ಎರಡನೆಯದು ಮಾತ್ರ. ಹಿಂದೆಲ್ಲ ಐ-94 ಅಂದರೆ ಪಾಸ್‌ಪೋರ್ಟಿಗೆ ಪಿನ್ ಹೊಡೆದ ಬಿಳಿ ಚೀಟಿ. ಪಾಸ್‌ಪೋರ್ಟ್ ತೆರೆದರೆ ಕಣ್ಣಿಗೆ ಬೀಳುತ್ತಿತ್ತು. 2013ರಿಂದ ವಿಮಾನದಲ್ಲಿ ಬಂದವರಿಗೆ ಆ ಚೀಟಿ ನಿಂತುಹೋಯಿತು. ವೆಬ್‌ಸೈಟಿಗೆ ಹೋಗಿ ನಾವೇ ನೋಡಿಕೊಳ್ಳಬೇಕು. ಯಾರು ನೋಡುತ್ತಾರೆ?

ನನ್ನ ಚಿಕ್ಕಮ್ಮನ ಮಗ ನೋಡಲಿಲ್ಲ. ಚಿಕ್ಕಮ್ಮ 2019ರ ಅಕ್ಟೋಬರಿನಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಲು ಅಮೆರಿಕಕ್ಕೆ ಬಂದರು. ವೀಸಾ 2024ರವರೆಗೆ ಇತ್ತು. ಐ-94 ಮುಗಿಯುವುದು 2020ರ ಏಪ್ರಿಲ್‌ನಲ್ಲಿ. ಮಾರ್ಚ್ ಕೊನೆಯಲ್ಲಿ ವಾಪಸ್ ಟಿಕೆಟ್ ಇತ್ತು. ಅಷ್ಟರಲ್ಲಿ ಕೊರೋನಾ ಬಂತು. ಮಾರ್ಚ್ 23ರಿಂದ ಭಾರತ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನೇ ನಿಲ್ಲಿಸಿತು. ತಮ್ಮ ಆರಾಮಾಗಿದ್ದ. ‘ಅಮ್ಮನ ವೀಸಾ ಇನ್ನೂ ನಾಲ್ಕು ವರ್ಷ ಇದೆ, ಏನೂ ತೊಂದರೆ ಇಲ್ಲ’ ಅನ್ನುತ್ತಿದ್ದ. ಹೊರಗೆ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ಕ್ಕೆ ಶುರುವಾದವು. ಚಿಕ್ಕಮ್ಮನಿಗೆ ಸೀಟು ಸಿಕ್ಕಿದ್ದು ಜುಲೈನಲ್ಲಿ.

ನಡುವೆ ಅವನಿಗೆ ಯಾರೋ ಐ-94 ವಿಷಯ ಹೇಳಿದ್ದರು. ಆಗ ಅವಧಿ ಮುಗಿದು ಕೆಲವು ವಾರ ಆಗಿತ್ತು. ಐ-539 ಎಂಬ ಫಾರ್ಮ್ ಹಾಕಿ ಅವಧಿ ವಿಸ್ತರಣೆ ಕೇಳಬಹುದಿತ್ತು. ತಡವಾದರೂ, ಕೈಮೀರಿದ ಕಾರಣ ಇದ್ದರೆ ಮನ್ನಿಸಬಹುದು ಎಂದು ವಲಸೆ ಇಲಾಖೆ ಆ ವಸಂತದಲ್ಲೇ ಹೇಳಿತ್ತು. ಅವನು ಹಾಕಲಿಲ್ಲ. ಇನ್ನೇನು ಹೊರಟೇಬಿಡ್ತಾರಲ್ಲ, ಸುಮ್ನೆ ಯಾಕೆ ಡಾಲರ್ ಕಟ್ಟೋದು ಅಂದುಕೊಂಡ. ಆ ವರ್ಷ ಹಾಗೆ ಅಂದುಕೊಂಡ ಮಕ್ಕಳು ಅವನೊಬ್ಬನೇ ಅಲ್ಲ ಬಿಡಿ.

ಹೀಗೆ ಚಿಕ್ಕಮ್ಮನದು ಮೂರು ತಿಂಗಳಿಗಿಂತ ಕಡಿಮೆ ಓವರ್‌ಸ್ಟೇ, ಅಂದರೆ ಅವಧಿ ಮೀರಿ ಉಳಿದದ್ದು. ಇದರ ಪರಿಣಾಮ ಏನು ಅನ್ನುವುದು ಇಲ್ಲಿ ಮುಖ್ಯ. ಯಾಕಂದರೆ ಮುಂದಿನ ಎಲ್ಲ ಗೊಂದಲ ಹುಟ್ಟಿದ್ದು ಅದು ಗೊತ್ತಿಲ್ಲದೆ.

ಅಮೆರಿಕ 1996ರಲ್ಲಿ ಒಂದು ಕಾನೂನು ಮಾಡಿತು. 1997ರ ಏಪ್ರಿಲ್ 1ರಿಂದ ಅದರ ಲೆಕ್ಕ ಶುರು. ಅವಧಿ ಮೀರಿ 180 ದಿನಕ್ಕಿಂತ ಜಾಸ್ತಿ, ಆದರೆ ಒಂದು ವರ್ಷಕ್ಕಿಂತ ಕಡಿಮೆ ಉಳಿದು ಹೊರಟರೆ ಮೂರು ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ ಹತ್ತು ವರ್ಷ. 180 ದಿನದೊಳಗೆ ಹೊರಟವರಿಗೆ ಈ ಎರಡೂ ಇಲ್ಲ. ಹಾಗಂತ ಅವರು ಪೂರ್ತಿ ಪಾರಾದರು ಅಂತಲೂ ಅಲ್ಲ. ಅದೇ ಕಾನೂನು ತಂದ 222(ಜಿ) ಎಂಬ ಇನ್ನೊಂದು ಕಲಂ ಪ್ರಕಾರ, ಒಂದು ದಿನ ಜಾಸ್ತಿ ಉಳಿದರೂ ಆ ವೀಸಾ ತಾನಾಗಿ ರದ್ದು. ಯಾರೂ ಅದರ ಮೇಲೆ ಸೀಲು ಹಾಕುವುದಿಲ್ಲ, ಪತ್ರ ಕಳಿಸುವುದಿಲ್ಲ. ನೋಡಲು ಮೊದಲಿನ ಹಾಗೇ ಇರುತ್ತದೆ. 2024ರವರೆಗೆ ಅಂತ ಅಚ್ಚಾಗಿರುತ್ತದೆ. ಒಳಗೆ ಜೀವ ಇರುವುದಿಲ್ಲ ಅಷ್ಟೇ. ಚಿಕ್ಕಮ್ಮ ಆ ನಾಲ್ಕು ವರ್ಷದಲ್ಲಿ ಮತ್ತೆ ಹೊರಡಲಿಲ್ಲ. ಹೊರಟಿದ್ದರೆ ಆ ಸತ್ತ ವೀಸಾ ಹಿಡಿದುಕೊಂಡು ವಿಮಾನ ಹತ್ತಿಬಿಡುತ್ತಿದ್ದರು.

2024ರಲ್ಲಿ ಅಚ್ಚಾದ ತಾರೀಕು ಹತ್ತಿರ ಬಂತು. ವೀಸಾ ಹೊಸದು ಮಾಡಿಸಲು ಒಬ್ಬ ಏಜೆಂಟ್ ಹತ್ತಿರ ಹೋದರು. ಆಗಿನ ನಿಯಮದಲ್ಲಿ ಹಳೆ ವೀಸಾ ಮುಗಿದು 48 ತಿಂಗಳೊಳಗೆ ಇದ್ದರೆ ಸಂದರ್ಶನ ಇಲ್ಲದೆ ಡ್ರಾಪ್‌ಬಾಕ್ಸ್‌ನಲ್ಲಿ ಪಾಸ್‌ಪೋರ್ಟ್ ಕೊಟ್ಟು ಬರುವ ಅವಕಾಶ ಇತ್ತು. ಆದರೆ ಹಿಂದೆ ಯಾವ ತೊಡಕೂ ಇರಬಾರದು. ಏಜೆಂಟ್ ಡಿಎಸ್-160 ಎಂಬ ವೀಸಾ ಅರ್ಜಿಯ ಫಾರ್ಮ್ ತುಂಬಿದ. ಸಬ್ಮಿಟ್ ಕೂಡ ಆಗಿಹೋಗಿತ್ತು. ಪಾಸ್‌ಪೋರ್ಟ್ ಕೊಡುವ ಮುಂಚೆ ಒಂದು ಸಲ ನೋಡು ಅಂತ ತಮ್ಮ ಅದರ ಪ್ರತಿ ನನಗೆ ಕಳಿಸಿದ.

ಆ ಫಾರ್ಮಿನ ಕೊನೆಯ ಪುಟಗಳನ್ನು ತುಂಬಿದವರಿಗೆ ಗೊತ್ತು. ಭಯೋತ್ಪಾದನೆ ಮಾಡಿದ್ದೀರಾ, ಮಾದಕ ವಸ್ತು ಸಾಗಿಸಿದ್ದೀರಾ, ಬೇಹುಗಾರಿಕೆ ಮಾಡುವ ಉದ್ದೇಶ ಇದೆಯಾ. ಒಂದಾದ ಮೇಲೊಂದು. ಕೈ ತಾನಾಗಿ ‘ನೋ, ನೋ, ನೋ’ ಅಂತ ಒತ್ತಿಕೊಂಡು ಹೋಗುತ್ತದೆ. ಅವುಗಳ ಮಧ್ಯೆಯೇ ಈ ಪ್ರಶ್ನೆಯೂ ಕೂತಿರುತ್ತದೆ: ನೀವು ಎಂದಾದರೂ ಅಕ್ರಮವಾಗಿ ಅಮೆರಿಕದಲ್ಲಿ ಇದ್ದಿರಾ, ಅಧಿಕಾರಿ ಕೊಟ್ಟ ಅವಧಿ ಮೀರಿ ಉಳಿದಿದ್ದಿರಾ, ಅಥವಾ ಬೇರೆ ರೀತಿ ವೀಸಾ ಷರತ್ತು ಮುರಿದಿದ್ದಿರಾ? ಚಿಕ್ಕಮ್ಮನ ಫಾರ್ಮಿನಲ್ಲಿ ಅದಕ್ಕೂ ‘ನೋ’. ಇನ್ನೊಂದು ತಮಾಷೆ ಅಂದರೆ, ಈ ಫಾರ್ಮ್ ತುಂಬಲು ಯಾರಾದರೂ ಸಹಾಯ ಮಾಡಿದರೇ ಎಂಬ ಪ್ರಶ್ನೆಗೂ ಏಜೆಂಟ್ ‘ನೋ’ ಹಾಕಿದ್ದ.

ಕೈತಪ್ಪಿನಿಂದ ಆಗಿರಬಹುದು ಅಂದುಕೊಂಡೆ. ತಮ್ಮ ಫೋನ್ ಮಾಡಿ ವಿಚಾರಿಸಿದ. ತಪ್ಪಿ ಆದದ್ದಲ್ಲ. ‘ಯೆಸ್ ಹಾಕಿದ್ರೆ ಇಂಟರ್‌ವ್ಯೂಗೆ ಕರೀತಾರೆ ಸಾರ್, ರಿಜೆಕ್ಟ್ ಆಗುತ್ತೆ. ಅಲ್ಲಿಂದ ಹೊರಗೆ ಹೋಗುವಾಗ ಇಮಿಗ್ರೇಷನ್ ಕೌಂಟರೇ ಇಲ್ವಲ್ಲ. ಪಾಸ್‌ಪೋರ್ಟಲ್ಲಿ ಸ್ಟ್ಯಾಂಪೂ ಇಲ್ಲ. ಯಾರಿಗೆ ಗೊತ್ತಾಗುತ್ತೆ?’

ಆ ಮಾತಿನಲ್ಲಿ ಅರ್ಧ ನಿಜ ಇದೆ. ಅದಕ್ಕೇ ಅದು ಅಪಾಯ. ಅಮೆರಿಕದಿಂದ ವಿಮಾನದಲ್ಲಿ ಹೊರಡುವವರಿಗೆ ನಮ್ಮಲ್ಲಿನ ಹಾಗೆ ವಲಸೆ ಕೌಂಟರ್ ಇಲ್ಲ, ಮುದ್ರೆ ಇಲ್ಲ. ಆದರೆ ವಿಮಾನ ಕಂಪನಿಗಳು ಯಾರು ಹತ್ತಿದರು ಅನ್ನುವ ಪಟ್ಟಿಯನ್ನು ಸರ್ಕಾರಕ್ಕೆ ಕೊಡಲೇಬೇಕು. ಹೊರಟ ದಿನ ಅದರಿಂದಲೇ ದಾಖಲಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಅದೇ ಐ-94 ವೆಬ್‌ಸೈಟಿನಲ್ಲಿ ಹಳೆಯ ಪ್ರಯಾಣಗಳ ಪಟ್ಟಿ ತೆಗೆದು ನೋಡಬಹುದು. ನಾನು ಚಿಕ್ಕಮ್ಮನ ಪಾಸ್‌ಪೋರ್ಟ್ ನಂಬರ್ ಹಾಕಿ ತೆಗೆದೆ. ಅಕ್ಟೋಬರಿನಲ್ಲಿ ಬಂದದ್ದು, ಜುಲೈನಲ್ಲಿ ಹೊರಟದ್ದು, ಎರಡೂ ಸಾಲು ಅಲ್ಲೇ ಇದ್ದವು. ನನ್ನಂಥವರಿಗೆ ಮನೆಯಲ್ಲಿ ಕೂತು ಕಾಣುವುದು ವೀಸಾ ಅಧಿಕಾರಿಗೆ ಕಾಣುವುದಿಲ್ಲವೇ?

ಆದರೂ ಸಿಕ್ಕಿಬೀಳುತ್ತೀರಿ ಅನ್ನುವುದು ನನಗೆ ಮುಖ್ಯ ಕಾರಣ ಅನಿಸಲಿಲ್ಲ. ಆ ಎರಡು ತಪ್ಪುಗಳ ತೂಕ ನೋಡಿದರೆ ತಲೆ ತಿರುಗುತ್ತದೆ. ಚಿಕ್ಕಮ್ಮ ಹೆಚ್ಚು ದಿನ ಉಳಿದದ್ದಕ್ಕೆ ಶಿಕ್ಷೆ ಹಳೆ ವೀಸಾ ರದ್ದು, ಅಷ್ಟೇ. ಮುಂದೆ ಎಷ್ಟೋ ಸಲ ಅರ್ಜಿ ಹಾಕಬಹುದು. ಅದನ್ನು ಮುಚ್ಚಿಡುವ ‘ನೋ’ ಇದೆಯಲ್ಲ, ಅದು ಬೇರೆ ಕಲಂಗೆ ಹೋಗುತ್ತದೆ. 212(ಎ)(6)(ಸಿ). ಮುಖ್ಯ ವಿಷಯವನ್ನು ಬೇಕೆಂದೇ ತಪ್ಪಾಗಿ ಹೇಳಿ ವೀಸಾ ಕೇಳಿದವರು ಜೀವನಪೂರ್ತಿ ಅನರ್ಹರು. ಮೂರು ವರ್ಷ ಅಲ್ಲ, ಹತ್ತು ವರ್ಷ ಅಲ್ಲ. ಅದಕ್ಕೆ ವಿನಾಯಿತಿ ಇಲ್ಲದೇ ಇಲ್ಲ. ಅಲ್ಲೇ ಕಾಯಂ ಇರಲು ಬಿಡುವ ಗ್ರೀನ್ ಕಾರ್ಡಿಗಾದರೆ, ಗಂಡನೋ ಹೆಂಡತಿಯೋ ತಂದೆ ತಾಯಿಯೋ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡಿನವರಾಗಿದ್ದು, ಅವರಿಗೆ ವಿಪರೀತ ಕಷ್ಟವಾಗುತ್ತದೆ ಎಂದು ತೋರಿಸಬೇಕು. ಮಗ ಪ್ರಜೆಯಾದರೆ ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಚಿಕ್ಕಮ್ಮನಿಗೆ ಅಮೆರಿಕದಲ್ಲಿ ಇರುವುದು ಮಗ ಒಬ್ಬನೇ. ಅಂದರೆ ಯಾವ ಮಗನ ಮನೆಗೆ ಹೋಗಲು ಆ ‘ನೋ’ ಹಾಕಿದರೋ, ಮುಂದೆ ಆ ಮಗನೇ ಕರೆಸಿಕೊಳ್ಳಲು ಆಗದ ಹಾಗೆ ಅದು ಅಡ್ಡ ನಿಲ್ಲುತ್ತಿತ್ತು.

ಇದನ್ನು ಚಿಕ್ಕಮ್ಮನಿಗೆ ಹೇಳುವುದು ಕಾನೂನಿಗಿಂತ ಕಷ್ಟ ಆಯಿತು. ಅವರಿಗೆ ಸಿಟ್ಟು ಬಂದದ್ದು ಏಜೆಂಟ್ ಮೇಲಲ್ಲ. ನನ್ನ ಮೇಲೆ. ‘ನಾನೇನು ಕದ್ದು ಕೂತಿದ್ನಾ? ವಿಮಾನವೇ ಇರಲಿಲ್ಲ. ಕಾನೂನು ಮುರಿದೆ ಅಂತ ನಾನ್ಯಾಕೆ ಬರೆದುಕೊಡಲಿ?’ ಅಂದರು. ಅವರು ಹೇಳಿದ್ದು ತಪ್ಪೇನಲ್ಲ. ಭಯೋತ್ಪಾದಕರಿಗೂ ಅಜ್ಜಿಯರಿಗೂ ಒಂದೇ ಪಟ್ಟಿಯಲ್ಲಿ ಪ್ರಶ್ನೆ ಕೇಳುವ ಫಾರ್ಮ್ ಅದು. ‘ಯೆಸ್’ ಅಂದರೆ ತಪ್ಪೊಪ್ಪಿಗೆ ಅನಿಸುವುದು ಸಹಜ. ನನಗೆ ಹೊಳೆದ ಉತ್ತರ ಇಷ್ಟೇ: ಅವರು ಕೇಳುತ್ತಿರುವುದು ತಾರೀಕು ದಾಟಿತೇ ಅಂತ. ಯಾಕೆ ದಾಟಿತು ಅಂತ ಹೇಳಲು ‘ಯೆಸ್’ ಹಾಕಿದರೆ ಮಾತ್ರ ಜಾಗ ತೆರೆದುಕೊಳ್ಳುತ್ತದೆ. ‘ನೋ’ ಹಾಕಿದರೆ ವಿಮಾನ ನಿಂತ ಕಥೆ ಹೇಳುವುದು ಎಲ್ಲಿ? ಅವರು ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವರೇ ಫೋನ್ ಮಾಡಿ, ‘ಸರಿ, ಏನು ಬರೀಬೇಕೋ ಬರಿ, ಆದ್ರೆ ಬರೆದದ್ದನ್ನ ನನಗೆ ಓದಿ ಹೇಳು’ ಅಂದರು.

ತಿದ್ದುವುದು ಹೇಗೆ? ಡಿಎಸ್-160 ಒಮ್ಮೆ ಸಬ್ಮಿಟ್ ಆದರೆ ಅದರಲ್ಲಿ ಅಕ್ಷರ ಬದಲಿಸಲು ಆಗುವುದಿಲ್ಲ. ಹೊಸ ಫಾರ್ಮ್ ತುಂಬಬೇಕು. ಹೊಸ ಕನ್ಫರ್ಮೇಷನ್ ನಂಬರ್ ಬರುತ್ತದೆ. ಅದನ್ನು ಅಪಾಯಿಂಟ್‌ಮೆಂಟಿಗೆ ಜೋಡಿಸಬೇಕು. ಡ್ರಾಪ್‌ಬಾಕ್ಸ್ ಬಿಟ್ಟು ಸಂದರ್ಶನಕ್ಕೆ ಹೊಸದಾಗಿ ದಿನ ತೆಗೆದುಕೊಂಡೆವು. ಬೇರೆಯವರು ಫಾರ್ಮ್ ತುಂಬಿಕೊಡಬಹುದು. ಆದರೆ ಕೊನೆಯ ಸಹಿ ಬಟನ್ ಒತ್ತಬೇಕಾದವರು ಅರ್ಜಿದಾರರೇ. ಹಾಗಾಗಿ ‘ಏಜೆಂಟ್ ಹಾಕಿದ್ದು, ನನಗೆ ಗೊತ್ತಿಲ್ಲ’ ಅನ್ನುವ ಮಾತು ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ವಿವರಣೆಯ ಜಾಗ ಚಿಕ್ಕದು. ತಮ್ಮ ಮೊದಲು ಬರೆದದ್ದರಲ್ಲಿ ಮಹಾಮಾರಿ, ಅನಿರೀಕ್ಷಿತ, ವಿಷಾದ, ಕಾನೂನಿನ ಬಗ್ಗೆ ಅಪಾರ ಗೌರವ, ಎಲ್ಲ ಇತ್ತು. ತಾರೀಕು ಮಾತ್ರ ಒಂದೂ ಇರಲಿಲ್ಲ. ಅಳಿಸಿ ಮತ್ತೆ ಬರೆದೆವು. ಬಂದ ದಿನ. ಐ-94 ಮುಗಿದ ದಿನ. ವಾಪಸ್ ಟಿಕೆಟ್ ಇದ್ದ ದಿನ, ಅದು ರದ್ದಾದದ್ದು. ಹೊರಟ ದಿನ. ವಿಸ್ತರಣೆಗೆ ಅರ್ಜಿ ಹಾಕಲಿಲ್ಲ. ಮೊದಲು ಸಲ್ಲಿಸಿದ ಫಾರ್ಮಿನಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಹೋಗಿತ್ತು, ಇದು ಸರಿಯಾದದ್ದು. ಮುಗಿಯಿತು. ಹಳೆ ಫಾರ್ಮಿನ ನಂಬರನ್ನೂ ಅಲ್ಲೇ ಬರೆದೆವು. ಅದು ಬೇಡ, ಸುಮ್ನೆ ಹೊಸದನ್ನು ಹಾಕಿಬಿಡೋಣ ಅಂತ ತಮ್ಮ ಹೇಳಿದ. ಹಳೆಯದು ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಎರಡು ಫಾರ್ಮಿನಲ್ಲಿ ಎರಡು ಉತ್ತರ ಇಟ್ಟು ಏನೂ ಹೇಳದಿದ್ದರೆ, ತಿದ್ದಿದ್ದು ಕೂಡ ಮುಚ್ಚಿಟ್ಟ ಹಾಗೆ ಕಾಣುತ್ತದೆ.

ತಾನಾಗಿ, ತಡಮಾಡದೆ ತಿದ್ದಿಕೊಂಡ ಸುಳ್ಳನ್ನು ಹೇಳಲೇ ಇಲ್ಲ ಎಂಬಂತೆ ನೋಡುವ ಪದ್ಧತಿ ಅಮೆರಿಕದ ವಲಸೆ ಕಾನೂನಿನಲ್ಲಿ ಹಳೆಯದು. ಆದರೆ ‘ತಾನಾಗಿ’, ‘ತಡಮಾಡದೆ’ ಎರಡೂ ಬೇಕು. ವಲಸೆ ಮೇಲ್ಮನವಿ ಮಂಡಳಿ 1973ರಲ್ಲಿ ನಮಿಯೊ ಎಂಬವರ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಅವರು ಪ್ರಮಾಣ ಮಾಡಿ ಹೇಳಿದ ಸುಳ್ಳನ್ನು ಒಪ್ಪಿಕೊಂಡರು, ನಿಜ. ಆದರೆ ಒಂದು ವರ್ಷ ಕಳೆದ ಮೇಲೆ. ಅದೂ ಇನ್ನೇನು ಬಯಲಾಗುತ್ತದೆ ಅನ್ನುವ ಹೊತ್ತಿನಲ್ಲಿ. ಅದನ್ನು ತಿದ್ದುಪಡಿ ಎಂದು ಮಂಡಳಿ ಒಪ್ಪಲಿಲ್ಲ. ಅಧಿಕಾರಿ ಫೈಲ್ ತೆಗೆದು ‘ಇದೇನು?’ ಅಂತ ಕೇಳಿದ ಮೇಲೆ ಹೇಳುವ ಸತ್ಯಕ್ಕೆ ಬೆಲೆ ಕಡಿಮೆ. ಇದು ಕಾನೂನು ಮಾತ್ರ ಅಲ್ಲ, ಯಾರ ಮನೆಯಲ್ಲಾದರೂ ಹೀಗೇ ಅಲ್ವಾ.

ಹೀಗೆ ತಿದ್ದಿಕೊಂಡ ಇನ್ನೊಬ್ಬರ ಕಥೆಯೂ ನನಗೆ ಗೊತ್ತು. ಅದು ಬೇರೆ ಥರದ್ದು. ಸಹೋದ್ಯೋಗಿ ಒಬ್ಬರು ಎಚ್-1ಬಿ ಎಂಬ ಉದ್ಯೋಗದ ವೀಸಾದಲ್ಲಿದ್ದರು. ಕಂಪನಿಗೆ ಬಂದ ಅನುಮತಿ ಪತ್ರದಲ್ಲಿ ಮೂರು ವರ್ಷ ಇತ್ತು. ಊರಿಗೆ ಹೋಗಿ ವಾಪಸ್ ಬರುವಾಗ ಅವರ ಪಾಸ್‌ಪೋರ್ಟಿನ ಅವಧಿ ಅಷ್ಟು ಉಳಿದಿರಲಿಲ್ಲ. ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ ಮಾತ್ರ ಐ-94 ಕೊಟ್ಟರು. ಅದು ಅವರ ಕಡೆಯಿಂದ ಸರಿಯೇ. ಇವರು ಆಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದರು. ಹೊಸ ಪಾಸ್‌ಪೋರ್ಟ್ ಬಂದರೆ ಐ-94 ತಾನಾಗಿ ಉದ್ದ ಆಗುವುದಿಲ್ಲ ಅಂತ ಗೊತ್ತಿರಲಿಲ್ಲ. ದಿನಾ ಆಫೀಸಿಗೆ ಹೋಗಿಬರುತ್ತಾ ನಾಲ್ಕು ತಿಂಗಳು ಅವಧಿ ಮೀರಿ ಇದ್ದುಬಿಟ್ಟರು. ಗ್ರೀನ್ ಕಾರ್ಡಿನ ಐ-485 ಅರ್ಜಿಯಲ್ಲಿ ಅನುಮತಿ ಪತ್ರದ ತಾರೀಕನ್ನೇ ಬರೆದು ಕಳಿಸಿದ್ದೂ ಆಯಿತು.

ಅವರ ತಪ್ಪಿನಲ್ಲಿ ಮುಚ್ಚಿಡುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಕಾನೂನು ಆ ವ್ಯತ್ಯಾಸ ನೋಡುತ್ತದೆ. ಗೊತ್ತಿಲ್ಲದೆ ಬರೆದ ತಪ್ಪು ಉತ್ತರ ಸುಳ್ಳಲ್ಲ. ಆದರೆ ಗೊತ್ತಾದ ದಿನದಿಂದ ಲೆಕ್ಕ ಬದಲಾಗುತ್ತದೆ. ಗೊತ್ತಾದ ಮೇಲೂ ಸುಮ್ಮನಿದ್ದು, ಸಂದರ್ಶನದಲ್ಲಿ ‘ಫಾರ್ಮಿನಲ್ಲಿ ಇರುವುದೆಲ್ಲ ನಿಜ’ ಅಂತ ಪ್ರಮಾಣ ಮಾಡಿದರೆ, ಆಗ ಅದು ಬೇರೆಯೇ ಆಗುತ್ತದೆ. ಅವರ ಲಾಯರ್ ಕೂಡಲೇ ಅರ್ಜಿ ನಂಬರ್ ಸಮೇತ ವಲಸೆ ಇಲಾಖೆಗೆ (ಯುಎಸ್‌ಸಿಐಎಸ್) ಪತ್ರ ಕಳಿಸಿದರು. ಕಂಪನಿ ಎಚ್-1ಬಿ ವಿಸ್ತರಣೆಗೆ ಬೇರೆ ಅರ್ಜಿ ಹಾಕಿ ತಡವಾದದ್ದನ್ನು ಮನ್ನಿಸಲು ಕೇಳಿತು. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೇಳುವವರಿಗೆ 245(ಕೆ) ಎಂಬ ಕಲಂ ಇದೆ. ಕೊನೆಯ ಸಲ ದೇಶದೊಳಗೆ ಬಂದ ಮೇಲೆ ಒಟ್ಟು 180 ದಿನದವರೆಗಿನ ಇಂಥ ಲೋಪವನ್ನು ಅದು ಮನ್ನಿಸುತ್ತದೆ. ಇವರು ಅದರೊಳಗೆ ಇದ್ದರು.

ಸಂದರ್ಶನದ ದಿನ ಪ್ರಶ್ನೆ ಶುರುವಾಗುವ ಮುಂಚೆಯೇ ಇವರು ವಿಷಯ ಹೇಳಿದರಂತೆ. ಆ ಅಧಿಕಾರಿ ಹೆಚ್ಚು ಮಾತಾಡಲಿಲ್ಲ. ಕೆಂಪು ಪೆನ್ನು ತೆಗೆದು ತಾರೀಕು ಹೊಡೆದು ಹಾಕಿ, ಸರಿಯಾದದ್ದು ಬರೆದು, ಪಕ್ಕದಲ್ಲಿ ‘1’ ಅಂತ ನಂಬರ್ ಹಾಕಿದರು. ಮಗುವಿನ ಹೆಸರಿನ ಸ್ಪೆಲಿಂಗ್ ತಪ್ಪಿತ್ತು, ಅದಕ್ಕೆ ‘2’. ಕೊನೆಯ ಪುಟದಲ್ಲಿ ಇಂತಿಷ್ಟನೇ ನಂಬರಿನವರೆಗೆ ಆದ ತಿದ್ದುಪಡಿ ಸರಿ ಅಂತ ಸಹಿ ಮಾಡಿಸಿಕೊಂಡರು. ಇವರು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ ವಿಷಯಕ್ಕೂ ಸ್ಪೆಲಿಂಗ್‌ಗೂ ಅಲ್ಲಿ ಒಂದೇ ಪೆನ್ನು. ಆ ಫಾರ್ಮಿನಲ್ಲೇ ತಿದ್ದುಪಡಿಗೆ ಅಂತ ಜಾಗ ಅಚ್ಚು ಹಾಕಿಸಿಟ್ಟಿದ್ದಾರೆ. ಅಂದರೆ ಜನ ತಪ್ಪು ಬರೆಯುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವ ವಿಷಯವೇ.

ಇದನ್ನು ಓದಿ ಎಲ್ಲರೂ ಕೂಡಲೇ ಪತ್ರ ಬರೆಯಲು ಕೂರಬೇಡಿ ಅಂತಲೂ ಹೇಳಬೇಕು. ಓವರ್‌ಸ್ಟೇ 180 ದಿನದ ಹತ್ತಿರ ಇದ್ದರೆ, ದಾಟಿದ್ದರೆ, ಅಥವಾ ಹಿಂದೆ ಅರ್ಜಿಯೊಂದು ತಿರಸ್ಕಾರ ಆಗಿದ್ದರೆ, ಮೊದಲು ವಲಸೆ ಲಾಯರ್ ಹತ್ತಿರ ಹೋಗಿ. ಮೂರು ಮತ್ತು ಹತ್ತು ವರ್ಷದ ತಡೆ ಅಂಟಿಕೊಳ್ಳುವುದು ದೇಶ ಬಿಟ್ಟು ಹೊರಟಾಗ. ತಪ್ಪು ಸರಿಮಾಡೋಣ ಅಂತ ಗಾಬರಿಯಲ್ಲಿ ವಿಮಾನ ಹತ್ತಿದವರು, ಇದ್ದಲ್ಲೇ ಪರಿಹಾರ ಸಿಗಬಹುದಾಗಿದ್ದ ಪ್ರಕರಣವನ್ನು ಹತ್ತು ವರ್ಷದ ಪ್ರಕರಣ ಮಾಡಿಕೊಳ್ಳಬಹುದು. ವಿದ್ಯಾರ್ಥಿ ವೀಸಾದವರ ಲೆಕ್ಕ ಮತ್ತೆ ಬೇರೆ. ಲಾಯರ್ ದುಬಾರಿ, ಒಪ್ಪುತ್ತೇನೆ. ಏಜೆಂಟ್ ಅಗ್ಗ ಅಂತ ನನಗೆ ಈಗ ಅನಿಸುವುದಿಲ್ಲ.

ಚಿಕ್ಕಮ್ಮನ ಸಂದರ್ಶನಕ್ಕೆ ತಮ್ಮ ಒಂದು ಫೈಲ್ ಮಾಡಿಕೊಟ್ಟಿದ್ದ. ರದ್ದಾದ ಟಿಕೆಟಿನ ಇಮೇಲ್, ಬೋರ್ಡಿಂಗ್ ಪಾಸ್, ಐ-94 ಪ್ರತಿ. ಅಧಿಕಾರಿ ಅದನ್ನು ತೆರೆಸಲೇ ಇಲ್ಲ. ಕಂಪ್ಯೂಟರ್ ನೋಡುತ್ತಾ, ‘ನೀವು ಜುಲೈನಲ್ಲಿ ಹೊರಟಿದ್ದೀರಿ ಅಲ್ವಾ?’ ಅಂತ ತಾರೀಕನ್ನು ಅವರೇ ಓದಿದರಂತೆ. ಚಿಕ್ಕಮ್ಮ ಹೌದು ಅಂದರು, ವಿಮಾನ ಇರಲಿಲ್ಲ ಅಂದರು. ಮೊದಲ ಫಾರ್ಮಿನಲ್ಲಿ ಯಾಕೆ ಬೇರೆ ಇತ್ತು ಅಂತ ಕೇಳಿದರು. ಏಜೆಂಟ್ ತುಂಬಿದ್ದು, ನಾನು ಓದದೆ ಒತ್ತಿದೆ, ಈಗ ಸರಿಮಾಡಿದ್ದೇವೆ ಅಂದರು. ಮಗನ ಬಗ್ಗೆ, ಇಲ್ಲಿ ಯಾರಿದ್ದಾರೆ ಅನ್ನುವ ಬಗ್ಗೆ ಇನ್ನೆರಡು ಪ್ರಶ್ನೆ. ಆಮೇಲೆ ಒಂದು ಕಾಗದ ಕೊಟ್ಟು ಕಳಿಸಿದರು.

ವೀಸಾ ಸಿಗಲಿಲ್ಲ. 214(ಬಿ). ನಿಮ್ಮ ದೇಶಕ್ಕೆ ವಾಪಸ್ ಹೋಗುತ್ತೀರಿ ಅಂತ ನಮಗೆ ಮನವರಿಕೆ ಆಗಲಿಲ್ಲ ಅನ್ನುವ ಕಲಂ ಅದು. 185 ಡಾಲರ್ ಶುಲ್ಕವೂ ಹೋಯಿತು.

ಆವತ್ತು ರಾತ್ರಿ ತಮ್ಮ ನನಗೆ ಒಳ್ಳೆಯ ಮಾತೇನೂ ಹೇಳಲಿಲ್ಲ. ನಿಜ ಹೇಳಿ ಸಿಕ್ಕಿದ್ದೇನು ಅಂದ. ಸಿಕ್ಕಿದ್ದು ಒಂದು ಕಾಗದ, ಅದರ ಮೇಲೆ ಯಾವ ಕಲಂ ಇದೆ ನೋಡು ಅಂದೆ. 214(ಬಿ) ಅನ್ನುವುದು ಆ ದಿನದ, ಆ ಅರ್ಜಿಯ ಮಟ್ಟಿಗಿನ ‘ಇಲ್ಲ’. ಕಾಯಬೇಕು ಅಂತ ನಿಯಮ ಇಲ್ಲ. ಶುಲ್ಕ ಕಟ್ಟಿ ಮತ್ತೆ ಹಾಕಬಹುದು. ಅಲ್ಲಿ ಆ ಸುಳ್ಳಿನ ಕಲಂ 6(ಸಿ) ಅಂತ ಇದ್ದಿದ್ದರೆ ನಾವು ಬೇರೆ ವಿಷಯ ಮಾತಾಡುತ್ತಿದ್ದೆವು. ಅವನಿಗೆ ಆ ಹೊತ್ತಿಗೆ ಇದು ಸಮಾಧಾನ ಅನಿಸಲಿಲ್ಲ. ನನಗೂ ಹಾಗೆ ಹೇಳಿ ದೊಡ್ಡದೇನೋ ಗೆದ್ದ ಹಾಗೆ ಅನಿಸಲಿಲ್ಲ. ಮೊಮ್ಮಗಳ ಹುಟ್ಟುಹಬ್ಬ ಚಿಕ್ಕಮ್ಮನಿಗೆ ವಿಡಿಯೋ ಕರೆಯಲ್ಲೇ ಕಳೆಯಿತು.

ತಮ್ಮನಿಗೆ 2025ರಲ್ಲಿ ಅಮೆರಿಕದ ಪೌರತ್ವ ಬಂತು. ಅಮ್ಮನನ್ನು ಗ್ರೀನ್ ಕಾರ್ಡಿನಲ್ಲಿ ಕರೆಸಿಕೊಳ್ಳಲು ಐ-130 ಅರ್ಜಿ ಹಾಕಿದ್ದಾನೆ. ಅದು ಮಂಜೂರಾದ ಮೇಲೆ ಡಿಎಸ್-260 ಎಂಬ ವಲಸೆ ವೀಸಾದ ಫಾರ್ಮ್ ತುಂಬಬೇಕು. ಅದರಲ್ಲೂ ಹಳೆಯ ವಲಸೆ ವಿಷಯಗಳ ಪ್ರಶ್ನೆ ಇರುತ್ತದೆ. 2020ರ ತಾರೀಕುಗಳನ್ನು, ಎರಡೂ ಡಿಎಸ್-160 ನಂಬರುಗಳನ್ನು, ಆ 214(ಬಿ) ಕಾಗದವನ್ನು ಸ್ಕ್ಯಾನ್ ಮಾಡಿ ಒಂದೇ ಕಡೆ ಇಟ್ಟಿದ್ದೇವೆ. ಫಾರ್ಮ್ ನಾನೇ ತುಂಬಿಕೊಡಲಾ ಅಂತ ಚಿಕ್ಕಮ್ಮನನ್ನು ಕೇಳಿದೆ. ಬೇಡ, ನೀನು ಒಂದೊಂದೇ ಪ್ರಶ್ನೆ ಓದಿ ಅರ್ಥ ಹೇಳು, ಒತ್ತೋದು ನಾನೇ ಒತ್ತುತ್ತೀನಿ ಅಂದಿದ್ದಾರೆ.